ಬಸುರಿ ಮೀನು ಹಿಡಿದರೆ ಜಲಾಶಯ ಬರಿದಾಗುತ್ತದೆಯೇ?

ಪ್ರಶ್ನೆ: ನಾನು ಟೆಕ್ಸಾಸ್‌ನ ಪ್ಲಾನೋದಲ್ಲಿದ್ದೇನೆ. ಸ್ನೇಹಿತರೊಬ್ಬರ ದೋಣಿಯಲ್ಲಿ ಲವಾನ್ ಜಲಾಶಯಕ್ಕೆ ಹೋಗಿ ಕ್ರಾಪಿ ಎಂಬ ಸಿಹಿನೀರಿನ ಮೀನಿಗೆ ಗಾಳ ಹಾಕುವುದು ಮೂರು ವರ್ಷದಿಂದ ನನ್ನ ಹವ್ಯಾಸ. ಈ ಮಾರ್ಚ್ ಮೊದಲ ವಾರ 28 ಅಡಿ ಆಳದಲ್ಲಿ ಹಿಡಿದೆವು. ಹತ್ತು ಇಂಚಿಗಿಂತ ಚಿಕ್ಕವನ್ನು ನಿಯಮದಂತೆ ನೀರಿಗೆ ಬಿಟ್ಟರೆ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದವು. ತಿಂಗಳ ಕೊನೆಯಲ್ಲಿ ದಡದ ಬಳಿ ಮೂರಡಿ ನೀರಿನಲ್ಲಿ ಒಂದೇ ಬೆಳಿಗ್ಗೆ ಇಬ್ಬರಿಗೂ ಸೇರಿ 41 ಮೀನು ಸಿಕ್ಕವು. ಕೆಲವು ಇದ್ದಿಲಿನಂತೆ ಕಪ್ಪಗಿದ್ದವು. ರೋಗವಿರಬಹುದೆಂದು ಹೆದರಿ ಅವನ್ನು ಬಿಟ್ಟು, ಉಳಿದ 28 ಮನೆಗೆ ತಂದೆವು. ಕೊಯ್ದರೆ ಹೆಚ್ಚಿನವುಗಳ ಹೊಟ್ಟೆಯ ತುಂಬ ಮೊಟ್ಟೆ. ತೀರ್ಥಹಳ್ಳಿಯಿಂದ ಬಂದಿರುವ ನಮ್ಮ ತಂದೆ ಅದನ್ನು ನೋಡಿ, "ಬಸುರಿಯನ್ನು ಹಿಡಿದು ತಂದಿದ್ದೀಯಲ್ಲ, ಹೀಗಾದರೆ ಕೆರೆ ಬರಿದಾಗುವುದಕ್ಕೆ ಎಷ್ಟು ದಿನ ಬೇಕು" ಎಂದು ಊಟಕ್ಕೇ ಕೂರಲಿಲ್ಲ. ಮುಂದಿನ ಶುಕ್ರವಾರ ಉತ್ತರದ ಗಾಳಿ ಬೀಸಿ ಚಳಿ ಹಿಡಿಯಿತು. ಶನಿವಾರ ಅದೇ ಜಾಗದಲ್ಲಿ ಒಂದು ಮೀನೂ ಮುಟ್ಟಲಿಲ್ಲ. ಗಾಳಿಯ ಒತ್ತಡ ಬದಲಾದರೆ ಹೀಗೆಯೇ ಎಂದು ಸ್ನೇಹಿತರು ಹೇಳುತ್ತಾರೆ. ನನಗೆ ಮಾತ್ರ ಅಪ್ಪನ ಮಾತೇ ನಿಜವಾಯಿತೇನೋ ಎಂಬ ಅಳುಕು. ಮೊಟ್ಟೆಯಿಡುವ ಕಾಲದಲ್ಲಿ ಗಾಳ ಹಾಕುವುದನ್ನು ನಿಲ್ಲಿಸಬೇಕೆ? ಒಂದು ಚಿತ್ರ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಸಂದೇಹಗಳು ನಾಲ್ಕೈದು ಇದ್ದರೂ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಎಂದು ಕಾಣುತ್ತದೆ: ಅಪ್ಪ ಊಟಕ್ಕೆ ಕೂರದೆ ಹೋದದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ. ಅವರ ಮಾತನ್ನು ಹಳೆಯ ಕಾಲದ ನಂಬಿಕೆ ಎಂದು ತಳ್ಳಿಹಾಕಬೇಡಿ. ಅವರು ಕಂಡ ಹೊಳೆಗೆ ಅದು ನೂರಕ್ಕೆ ನೂರು ನಿಜ. ನಿಮ್ಮ ಜಲಾಶಯದ ಕ್ರಾಪಿಗೆ ಅರ್ಧ ಮಾತ್ರ ನಿಜ.

ನಾನು ಬೆಳೆದದ್ದು ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಊರಿನಲ್ಲಿ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಇಳಿಯತೊಡಗಿತೆಂದರೆ ಕೆಳಗಿನ ನೀರಿನ ಮೀನು ಮೊಟ್ಟೆಯಿಡುವುದಕ್ಕೆ ಹರಿವಿಗೆ ಎದುರಾಗಿ ಹತ್ತುತ್ತದೆ; ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ನಿಮ್ಮ ತಂದೆಯವರನ್ನು ಕೇಳಿ, ಹತ್ತುಮೀನಿನ ಕಥೆ ರಾತ್ರಿಯಿಡೀ ಹೇಳಿಯಾರು. ಹಳ್ಳದ ಬಾಯಿ ಎರಡು ಮಾರು ಅಗಲವಿದ್ದರೆ ಹೆಚ್ಚು. ಅಲ್ಲೊಂದು ಬಿದಿರಿನ ಕೂಣಿ ಒಡ್ಡಿದರೆ ಆ ರಾತ್ರಿ ಹತ್ತಬೇಕಾಗಿದ್ದ ಮೀನೆಲ್ಲ ಅದರೊಳಗೆ. ಬ್ಯಾಟರಿ ಹಿಡಿದುಕೊಂಡು ದೊಡ್ಡವರ ಹಿಂದೆ ನಾನೂ ಹೋಗಿದ್ದೇನೆ. ನಸುಕಿನಲ್ಲಿ ಕೂಣಿಯನ್ನು ಮಗುಚಿ ಬಡಿದ ಮೇಲೂ ಬಿದಿರಿನ ಕಡ್ಡಿಗಳ ಸಂದಿನಲ್ಲಿ ಸಾಸಿವೆ ಕಾಳಿನಂತಹ ಮೊಟ್ಟೆ ಅಂಟಿಕೊಂಡೇ ಇರುತ್ತಿತ್ತು. ಹೀಗೆ ಎರಡು ಮೂರು ವರ್ಷ ಹಿಡಿದ ಹಳ್ಳದಲ್ಲಿ ನಾಲ್ಕನೆಯ ವರ್ಷ ಕೂಣಿ ಒಡ್ಡುವ ಶ್ರಮವೂ ದಂಡ. ಕರ್ನಾಟಕದ ನದಿ, ಜಲಾಶಯಗಳಲ್ಲಿ ಜೂನ್ ಮತ್ತು ಜುಲೈ ತಿಂಗಳು ಮೀನು ಹಿಡಿಯುವುದಕ್ಕೆ ತಡೆ ಇರುವುದೂ, ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡ ಸೇರುವುದೂ ಇದೇ ತಿಳಿವಳಿಕೆಯಿಂದ. ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ರಾಪಿ ಯಾವ ಹಳ್ಳವನ್ನೂ ಹತ್ತುವುದಿಲ್ಲ. ಅದರ ಯಾತ್ರೆ ಬಹಳ ಚಿಕ್ಕದು: ಚಳಿಗಾಲದ ಆಳದಿಂದ ಕೊಲ್ಲಿಗಳ ಮೊಳಕಾಲುದ್ದ, ಎದೆಮಟ್ಟದ ನೀರಿಗೆ. ಲವಾನ್ ಜಲಾಶಯ ತುಂಬಿದಾಗ 21,400 ಎಕರೆ. ಟ್ರಿನಿಟಿ ನದಿಯ ಪೂರ್ವ ಕವಲಿಗೆ ಅಡ್ಡಲಾಗಿ 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಅದರ ಅಂಚಿನ ನೂರಾರು ಕೊಲ್ಲಿಗಳಲ್ಲಿ, ಮುಳುಗಿದ ಮರದ ಬೊಡ್ಡೆ ಇರುವಲ್ಲೆಲ್ಲ ಕ್ರಾಪಿ ಚದುರಿಕೊಂಡು ಮೊಟ್ಟೆಯಿಡುತ್ತದೆ. ಕೂಣಿ ಒಡ್ಡುವುದಕ್ಕೆ ಅಲ್ಲಿ ಬಾಯಿಯೇ ಇಲ್ಲ. ನೀವು ಒಂದೊಂದಾಗಿ ಎತ್ತಿದ ಮೀನು ಒಂದು ಕೊಲ್ಲಿಯ ಒಂದು ಮೂಲೆಯದು.

ಇನ್ನು ಬಸುರಿಯ ಲೆಕ್ಕ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಮೊಟ್ಟೆಯಿಡಬೇಕಾಗಿದ್ದ ಹೆಣ್ಣು ಮೀನನ್ನು ಮಾರ್ಚ್‌ನಲ್ಲಿ ಹಿಡಿದರೂ ಅದು ಮೊಟ್ಟೆಯಿಡುವುದಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ಹಿಡಿದಿದ್ದರೂ ಇಡುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಕೊಯ್ದಾಗ ಹೊಟ್ಟೆಯಲ್ಲಿ ಏನೂ ಕಾಣುವುದಿಲ್ಲ, ಮನಸ್ಸಿಗೆ ನೋವಾಗುವುದಿಲ್ಲ, ಅಷ್ಟೇ. ಜಲಾಶಯಕ್ಕೆ ಆದ ನಷ್ಟ ಎರಡೂ ಸಲ ಒಂದೇ. ಮೀನಿನ ಸಂಖ್ಯೆಗೆ ಮುಖ್ಯವಾದದ್ದು ವರ್ಷಕ್ಕೆ ಒಟ್ಟು ಎಷ್ಟು ಹಿಡಿದಿರಿ ಎಂಬುದು, ಯಾವ ತಿಂಗಳು ಎಂಬುದಲ್ಲ. ವಸಂತದಲ್ಲಿ ಮೀನು ದಡಕ್ಕೆ ಬಂದು ಸುಲಭವಾಗಿ ಸಿಗುವುದರಿಂದ ಜನ ಹೆಚ್ಚು ಹಿಡಿಯುತ್ತಾರೆ ಎಂಬ ಅಪಾಯ ಉಂಟು. ಅದಕ್ಕೇ ದಿನದ ಮಿತಿ ಇರುವುದು: ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ ಬಿಳಿ, ಕಪ್ಪು ಎರಡು ಜಾತಿಯೂ ಸೇರಿ 25 ಕ್ರಾಪಿ, ಉದ್ದ 10 ಇಂಚಿಗೆ ಕಡಿಮೆ ಇರಬಾರದು. ಇಬ್ಬರಿಗೆ 28 ತಂದ ನೀವು ಮಿತಿಯೊಳಗೆ ಇದ್ದೀರಿ.

ಒಂದು ಹೆಣ್ಣು ಕ್ರಾಪಿಯ ಹೊಟ್ಟೆಯಲ್ಲಿ ಅದರ ಗಾತ್ರಕ್ಕೆ ತಕ್ಕಂತೆ ಹತ್ತು ಸಾವಿರದಿಂದ ಲಕ್ಷಕ್ಕೂ ಮೇಲೆ ಮೊಟ್ಟೆಗಳಿರುತ್ತವೆ. ಪ್ರಕೃತಿ ಇಷ್ಟು ದುಂದು ಮಾಡುವುದು ಅವುಗಳಲ್ಲಿ ಬಹುಪಾಲು ಉಳಿಯುವುದಿಲ್ಲ ಎಂಬ ಕಾರಣಕ್ಕೇ. ಎಷ್ಟು ಉಳಿಯುತ್ತವೆ ಎಂಬುದನ್ನು ತೀರ್ಮಾನಿಸುವವರು ಯಾರು? ಗಾಳದವರಿಗಿಂತ ಹೆಚ್ಚಾಗಿ, ನೀರಿನ ಮಟ್ಟ.

ನನ್ನ ವೃತ್ತಿಯ ಬಹುಪಾಲು ಹೋದದ್ದು ಹೀಗೆ ಉಳಿದ ಮೀನುಗಳನ್ನು ಎಣಿಸುವುದರಲ್ಲಿ. ಶರತ್ಕಾಲದಲ್ಲಿ ದಡಕ್ಕೆ ಚೌಕಟ್ಟಿನ ಬಲೆ ಕಟ್ಟಿ, ರಾತ್ರಿ ಬಿಟ್ಟು, ಬೆಳಿಗ್ಗೆ ಎತ್ತಿ ಅಳೆಯುತ್ತೇವೆ. ಕೆಲವು ಮೀನುಗಳ ತಲೆಯಿಂದ ಕಿವಿಗಲ್ಲನ್ನು ಬಿಡಿಸುತ್ತೇವೆ. ಅಕ್ಕಿಕಾಳಿನಷ್ಟು ದೊಡ್ಡ ಬಿಳಿಯ ಹರಳು. ಕಪ್ಪು ಬಟ್ಟಲಿನಲ್ಲಿ ನೀರು ಹಾಕಿ ಅದನ್ನು ಮುಳುಗಿಸಿ, ಬದಿಯಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದಲ್ಲಿ ಇರುವಂತೆಯೇ ವರ್ಷಕ್ಕೊಂದು ಉಂಗುರ. ಕೈಯಲ್ಲಿ ನಲವತ್ತು ಹರಳುಗಳಿದ್ದರೆ ಒಂದೊಂದರಲ್ಲೂ ಒಂದೊಂದು ವಯಸ್ಸು ಕಾಣಬೇಕಲ್ಲವೆ? ಹಾಗಾಗುವುದಿಲ್ಲ. ಒಂದು ಜಲಾಶಯದಲ್ಲಿ ಹೆಚ್ಚಿನವೆಲ್ಲ ಎರಡು ಉಂಗುರದವು. ಒಂದು ಉಂಗುರದ್ದು ಹುಡುಕಿದರೂ ಇಲ್ಲ. ಅಂದರೆ ಎರಡು ವಸಂತದ ಹಿಂದೆ ಮರಿಗಳು ಸಮೃದ್ಧವಾಗಿ ಉಳಿದಿದ್ದವು, ಮರುವರ್ಷದವು ಬಹುತೇಕ ನೆಲಕಚ್ಚಿದವು. ಎರಡೂ ವರ್ಷ ಗಾಳ ಹಾಕಿದವರು ಅದೇ ಜನ, ಮೊಟ್ಟೆಯಿಟ್ಟ ತಾಯಂದಿರೂ ಹೆಚ್ಚುಕಡಿಮೆ ಅಷ್ಟೇ.

ವಸಂತದಲ್ಲಿ ನೀರು ಏರಿ ದಡದ ಹುಲ್ಲು, ಪೊದೆಗಳನ್ನು ಮುಳುಗಿಸಿ ಕೆಲವು ವಾರ ಅಲ್ಲೇ ನಿಂತರೆ ಮರಿಗಳಿಗೆ ಅಡಗುವ ಜಾಗವೂ ತಿನ್ನುವ ಸೂಕ್ಷ್ಮಜೀವಿಗಳೂ ಒಟ್ಟಿಗೇ ಸಿಗುತ್ತವೆ. ಮೊಟ್ಟೆಯಿಟ್ಟ ಮೇಲೆ ನೀರು ಇಳಿದರೆ ಗೂಡುಗಳು ಒಣಗುತ್ತವೆ, ಮರಿಗಳು ಬಯಲಿಗೆ ಬೀಳುತ್ತವೆ. ಉತ್ತರ ಟೆಕ್ಸಾಸ್‌ನವರಿಗೆ ಇದು ನೆನಪಿರಬೇಕು: 2011ರಿಂದ ಬರ ಹಿಡಿದು ಜಲಾಶಯಗಳ ಅಂಚು ವರ್ಷಗಟ್ಟಲೆ ಒಣಗಿ ಹುಲ್ಲು, ಗಿಡ ಬೆಳೆದಿತ್ತು. 2015ರ ಮೇ ತಿಂಗಳಲ್ಲಿ ಆ ರಾಜ್ಯ ದಾಖಲೆಯ ಮಳೆ ಕಂಡಿತು. ಹೀಗೆ ಹಸಿರು ಬೆಳೆದ ಅಂಚು ಮತ್ತೆ ನೀರಿನಡಿ ಹೋಗುವುದೆಂದರೆ ಮೀನಿನ ಮರಿಗಳ ಪಾಲಿಗೆ ಹೊಸ ಗದ್ದೆ ನೆಟ್ಟಂತೆ. ಲವಾನ್‌ನ ನೀರು ಕುಡಿಯುವುದಕ್ಕೆ ಹೋಗುತ್ತದೆ, ಅದರ ಬಾಗಿಲುಗಳು ಪ್ರವಾಹ ತಡೆಯುವುದಕ್ಕೆ ತೆರೆದು ಮುಚ್ಚುತ್ತವೆ. ಕ್ರಾಪಿಯ ಮುಹೂರ್ತ ಕೇಳಿ ಯಾರೂ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಒಂದು ವರ್ಷ ರಾಶಿ, ಇನ್ನೊಂದು ವರ್ಷ ಬರ. ಈ ಮೀನು ಹೆಚ್ಚು ಕಾಲ ಬದುಕುವುದೂ ಇಲ್ಲ. ಹಿಡಿಯದೆ ಬಿಟ್ಟ ಮಾತ್ರಕ್ಕೆ ಹತ್ತು ವರ್ಷ ಕೂಡಿಟ್ಟು ಉಣ್ಣುವ ಆಸ್ತಿಯಲ್ಲ.

ಅತಿಯಾದರೆ ಇನ್ನೊಂದು ತೊಂದರೆ. ಸಣ್ಣ ಹೊಂಡಗಳಿಗೆ ಕ್ರಾಪಿ ಬಿಡಬೇಡಿ ಎಂದು ಅಮೆರಿಕದ ಮೀನುಗಾರಿಕೆಯವರು ರೈತರಿಗೆ ಹೇಳುತ್ತಲೇ ಇರುತ್ತಾರೆ. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು ಮಾಡಿದ್ದು ನಿಮಗೆ ಗೊತ್ತಿರುತ್ತದೆ: ಎಲ್ಲೆಲ್ಲೂ ಅದೇ, ಎಲ್ಲವೂ ಅಂಗೈಗಿಂತ ಚಿಕ್ಕದು. ಕ್ರಾಪಿಯೂ ಹಾಗೆಯೇ. ತಿನ್ನುವ ಬಾಯಿ ಹೆಚ್ಚಾಗಿ, ಹಿಡಿಯುವ ಕೈ ಕಡಿಮೆಯಾದರೆ ನಾಲ್ಕು ವರ್ಷದ ಮೀನೂ ಆರೇಳು ಇಂಚಿನಲ್ಲೇ ಕುಗ್ಗಿ ನಿಲ್ಲುತ್ತದೆ.

ತಂದೆಯವರ ಮಾತಿನಲ್ಲಿ ನಿಜವಾದ ಅರ್ಧ ಯಾವುದು ಎಂದಿರಿ? ಅದು ನೀವು ರೋಗವೆಂದು ಬಿಟ್ಟುಬಂದ ಕಪ್ಪು ಮೀನಿನಲ್ಲಿದೆ.

ಅವುಗಳಿಗೆ ಯಾವ ರೋಗವೂ ಇಲ್ಲ. ಅವು ಗಂಡುಗಳು. ನೀರು 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹದಿನೈದೂವರೆ ಸೆಲ್ಸಿಯಸ್ ದಾಟುತ್ತಿದ್ದಂತೆ ಗಂಡು ಕ್ರಾಪಿಯ ಮೈ, ಅದರಲ್ಲೂ ತಲೆ ಮತ್ತು ಎದೆ, ಮಸಿ ಬಳಿದಂತೆ ಕಪ್ಪಾಗುತ್ತದೆ. ದಡಕ್ಕೆ ಮೊದಲು ಬರುವುದೂ ಅದೇ. ಬೊಡ್ಡೆಯ ಬುಡದಲ್ಲೋ ಬೇರಿನ ಪಕ್ಕದಲ್ಲೋ ಬಾಲದಿಂದ ಗುಡಿಸಿ ಒಂದು ತಗ್ಗು ಮಾಡುತ್ತದೆ. ಹೆಣ್ಣು ಬಂದು, ಮೊಟ್ಟೆಯ ಒಂದು ಪಾಲನ್ನು ಅಲ್ಲಿಟ್ಟು, ಇನ್ನೊಂದು ಪಾಲಿಗೆ ಇನ್ನೊಂದು ಗೂಡು ಹುಡುಕಿ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಆಳಕ್ಕೆ ಮರಳುತ್ತದೆ. ಬಾಣಂತನ ಪೂರ್ತಿ ಗಂಡಿನದು. ಮೊಟ್ಟೆ ಒಡೆಯುವುದಕ್ಕೆ ಎರಡರಿಂದ ಐದು ದಿನ; ಅಲ್ಲಿಯವರೆಗೂ, ಆಮೇಲೆ ಮರಿಗಳು ಗೂಡು ಬಿಡುವವರೆಗೂ ಅದು ಅಲ್ಲಿಂದ ಕದಲುವುದಿಲ್ಲ. ಈಜುರೆಕ್ಕೆ ಬೀಸುತ್ತ ಮೊಟ್ಟೆಗಳ ಮೇಲೆ ಹೂಳು ಕೂರದಂತೆ ನೋಡಿಕೊಳ್ಳುತ್ತದೆ, ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ. ಅದಕ್ಕೇ ಅದು ಅಷ್ಟು ಸುಲಭವಾಗಿ ನಿಮ್ಮ ಗಾಳಕ್ಕೆ ಬಿದ್ದದ್ದು, ಹಸಿವಿನಿಂದಲ್ಲ. ಮರಿಗಳ ಕೆಂಪು ಗುಂಪಿನ ಕೆಳಗೆ ಕಾವಲಿರುವ ಕೊರವ ಮೀನನ್ನು ಕೆರೆಯಲ್ಲಿ ಕಂಡವರಿಗೆ ಈ ಸ್ವಭಾವ ಹೊಸದಲ್ಲ. ಕಾವಲಿನ ಗಂಡನ್ನು ಎತ್ತಿ ಐಸ್ ಡಬ್ಬಕ್ಕೆ ಹಾಕಿದಿರಿ ಎಂದರೆ ಸುತ್ತ ಕಾದಿರುವ ಸನ್‌ಫಿಶ್ ಎಂಬ ಸಣ್ಣ ಮೀನುಗಳು ಗೂಡನ್ನು ತಿಂದು ಮುಗಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಇಲ್ಲಿ ಮಾತ್ರ ಕಾಲದ ಲೆಕ್ಕ ಬರುತ್ತದೆ. ಅಕ್ಟೋಬರ್‌ನಲ್ಲಿ ಹಿಡಿದ ಗಂಡಿನ ಜಾಗಕ್ಕೆ ಏಪ್ರಿಲ್‌ನಲ್ಲಿ ಇನ್ನೊಂದು ಗಂಡು ಬಂದು ಗೂಡು ಕಟ್ಟೀತು. ಗೂಡಿನ ಮೇಲಿಂದ ಎತ್ತಿದ ಗಂಡಿನ ಜೊತೆಗೆ ಆಗಲೇ ಇಟ್ಟ ಮೊಟ್ಟೆಗಳೂ ಹೋದವು. ತಂದೆಯವರ ಕರುಣೆ ಸರಿಯಾದದ್ದು. ಅದು ಸಲ್ಲಬೇಕಾಗಿದ್ದದ್ದು ಬಸುರಿಗಿಂತ ಬಾಣಂತನದ ಗಂಡಿಗೆ. ನೀವು ತಪ್ಪು ತಿಳಿದು ಸರಿಯಾದ ಕೆಲಸ ಮಾಡಿದ್ದೀರಿ. ಬಿಟ್ಟ ಗಂಡು ಸಾಮಾನ್ಯವಾಗಿ ಗೂಡಿಗೆ ಮರಳುತ್ತದೆ, ಆದರೆ ಫೋಟೋ ತೆಗೆಯುತ್ತ ಐದು ನಿಮಿಷ ಕಳೆದರೆ ಮರಳುವುದರೊಳಗೆ ಗೂಡು ಖಾಲಿಯಾಗಿರಬಹುದು. ಇಡೀ ಮೈ ಕಪ್ಪಾಗುವುದು ಬೇರೆ, ಮೆಣಸಿನ ಪುಡಿ ಉದುರಿಸಿದಂತೆ ಚರ್ಮದಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಗಟ್ಟಿಯಾಗಿ ಕೈಗೆ ಸಿಗುವುದು ಬೇರೆ. ಎರಡನೆಯದು ಪರೋಪಜೀವಿ ಹುಳುವಿನ ಮರಿ. ಹಕ್ಕಿ, ಬಸವನಹುಳು, ಮೀನು ಹೀಗೆ ಮೂರು ಮನೆ ಸುತ್ತುವ ಜೀವ. ಚೆನ್ನಾಗಿ ಬೇಯಿಸಿದರೆ ಅದರಿಂದ ನಿಮಗೆ ಏನೂ ಆಗುವುದಿಲ್ಲ.

ಮಾರ್ಚ್ ಮೊದಲ ವಾರ ತೇಲಿದ ಆ ನಾಲ್ಕು ಮೀನುಗಳ ವಿಷಯ ನನಗೆ ಆ ಬಸುರಿಗಳಿಗಿಂತ ಹೆಚ್ಚು ಯೋಚನೆ ತಂದಿತು. ಅವು ಯಾರ ಹೊಟ್ಟೆಗೂ ಆಗಲಿಲ್ಲ, ನೀರಿಗೂ ಉಳಿಯಲಿಲ್ಲ. ಮೀನಿನ ಒಳಗೊಂದು ಗಾಳಿಚೀಲವಿದೆ. ಕಾಟ್ಲಾ, ರೋಹುವಿನಂತಹ ಗೆಂಡೆ ಜಾತಿಯ ಮೀನುಗಳಲ್ಲಿ ಅದಕ್ಕೂ ಅನ್ನನಾಳಕ್ಕೂ ಒಂದು ಕೊಳವೆ ಇರುತ್ತದೆ; ಒತ್ತಡ ಹೆಚ್ಚಾದರೆ ಗಾಳಿ ತೇಗಿನಂತೆ ಹೊರಬೀಳುತ್ತದೆ. ಬೆಳೆದ ಕ್ರಾಪಿಗೆ ಆ ಕೊಳವೆ ಇಲ್ಲ. ಚೀಲ ಮುಚ್ಚಿದ ಬಲೂನು. 28 ಅಡಿ ಆಳದಲ್ಲಿ ಒತ್ತಡ ಮೇಲ್ಮೈಯದರ ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚು. ಅಲ್ಲಿಂದ ಹತ್ತು ಸೆಕೆಂಡಿನಲ್ಲಿ ಎಳೆದು ತಂದರೆ ಒಳಗಿನ ಗಾಳಿಯೂ ಅಷ್ಟೇ ಪಟ್ಟು ಹಿಗ್ಗಬೇಕು. ಕರುಳನ್ನು ಒತ್ತುತ್ತದೆ, ಕಣ್ಣು ಉಬ್ಬುತ್ತದೆ, ಕೆಲವು ಸಲ ಜಠರವೇ ಬಾಯಿಗೆ ಬರುತ್ತದೆ. ನೀರಿಗೆ ಬಿಟ್ಟರೂ ಕೆಳಗೆ ಹೋಗಲಾರದೆ ತೇಲುತ್ತದೆ. ಉಳಿದದ್ದನ್ನು ಬಿಸಿಲು ಮತ್ತು ಬೆಳ್ಳಕ್ಕಿ ನೋಡಿಕೊಳ್ಳುತ್ತವೆ. ಮೂರಡಿ ನೀರಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಮಾರ್ಚ್ ಆರಂಭದಲ್ಲಿ ಕ್ರಾಪಿ ದಡಕ್ಕೆ ಹೊರಡುವ ಮುನ್ನ ಹಳೆಯ ತೊರೆಯ ಪಾತ್ರದ ಅಂಚಿನಲ್ಲಿ, ಇಪ್ಪತ್ತು ಮೂವತ್ತಡಿ ಆಳದಲ್ಲಿ ಗುಂಪುಗೂಡಿ ಕಾಯುತ್ತದೆ. ನೀವು ಹಿಡಿದದ್ದು ಆ ಗುಂಪನ್ನು. ಅಲ್ಲಿ ದೊಡ್ಡದು, ಚಿಕ್ಕದು ಬೆರೆತಿರುತ್ತವೆ. 'ಹಿಡಿದು ಬಿಡುತ್ತೇವೆ, ಯಾರಿಗೂ ತೊಂದರೆಯಿಲ್ಲ' ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ. ಇದೇ ಕಾರಣಕ್ಕೆ ಟೆಕ್ಸಾಸ್‌ನ ಲೇಕ್ ಫೋರ್ಕ್ ಮತ್ತು ಲೇಕ್ ಓ ದ ಪೈನ್ಸ್ ಜಲಾಶಯಗಳಿಗೆ ರಾಜ್ಯದ ಇಲಾಖೆ ಒಂದು ವಿಚಿತ್ರವೆನಿಸುವ ನಿಯಮ ತಂದಿತ್ತು: ಡಿಸೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಉದ್ದದ ಮಿತಿ ಇಲ್ಲ, ಸಿಕ್ಕಿದ ಮೊದಲ 25 ಕ್ರಾಪಿಯನ್ನು ಚಿಕ್ಕದಾದರೂ ಇಟ್ಟುಕೊಳ್ಳಲೇಬೇಕು. ಬಿಟ್ಟರೆ ಹೇಗೂ ಸಾಯುತ್ತದೆ, ಸತ್ತದ್ದನ್ನು ಲೆಕ್ಕಕ್ಕಾದರೂ ಹಿಡಿಯೋಣ ಎಂಬ ತರ್ಕ. ಲವಾನ್‌ನಲ್ಲಿ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆದ್ದರಿಂದ ನನ್ನ ರೂಢಿ ಹೀಗೆ: ಆಳದಲ್ಲಿ ಮೊದಲು ಬಂದ ಮೂರು ನಾಲ್ಕರಲ್ಲಿ ಎರಡು ಚಿಕ್ಕದಾದರೆ ದೋಣಿ ತೆಗೆದು ಬೇರೆ ಕಡೆ ಹೋಗುತ್ತೇನೆ. ಸೂಜಿಯಿಂದ ಗಾಳಿಚೀಲ ಚುಚ್ಚುವ ವಿದ್ಯೆಯನ್ನು ಯಾರಾದರೂ ತೋರಿಸಿಕೊಟ್ಟಾರು. ಪಳಗಿದ ಕೈಗೆ ಅದು ಔಷಧ, ಉಳಿದವರ ಕೈಯಲ್ಲಿ ಅದು ಬರೀ ಸೂಜಿ. ಕೆಳದವಡೆಗೆ ಭಾರದ ಕ್ಲಿಪ್ ಸಿಕ್ಕಿಸಿ ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ ಸಲಕರಣೆ ಅದಕ್ಕಿಂತ ವಾಸಿ. ಆದರೆ ಕ್ರಾಪಿಯ ಬಾಯಿ ಕಾಗದದಷ್ಟು ತೆಳು. ಅಲ್ಲಿನವರು ಅದನ್ನು 'ಕಾಗದದ ಬಾಯಿ'ಯವನು ಎಂದೇ ಕರೆಯುತ್ತಾರೆ. ಕ್ಲಿಪ್ ಮೃದುವಾಗಿರಲಿ. ಗಾಳದಲ್ಲಿ ಎತ್ತುವಾಗಲೂ ತಂಗೂಸಿ ಹಿಡಿದು ದೋಣಿಯೊಳಕ್ಕೆ ಎಸೆದುಕೊಳ್ಳಬೇಡಿ, ಕೈಬಲೆ ಹಿಡಿಯಿರಿ. ಹರಿದ ಬಾಯಿಯ ಮೀನು ತಪ್ಪಿಸಿಕೊಂಡರೂ ನಷ್ಟವೇ.

ಇನ್ನು ಖಾಲಿ ಶನಿವಾರ. ನಿಮ್ಮ ಸ್ನೇಹಿತರ ಗಾಳಿಯ ಒತ್ತಡದ ಸಿದ್ಧಾಂತ ಎಲ್ಲ ದೋಣಿಗಳಲ್ಲೂ ಕೇಳಿಬರುತ್ತದೆ, ಕೇಳುವುದಕ್ಕೆ ಚೆನ್ನಾಗಿಯೂ ಇದೆ. ಲೆಕ್ಕ ಹಾಕಿ ನೋಡಿ. ವಾಯುಭಾರ 10 ಹೆಕ್ಟೊಪ್ಯಾಸ್ಕಲ್ ಏರಿತೆಂದರೆ ಅದು 10 ಸೆಂಟಿಮೀಟರ್ ನೀರಿನ ಭಾರಕ್ಕೆ ಸಮ. ದೊಡ್ಡ ಶೀತಗಾಳಿ ಬಂದಾಗಲೂ ಏರಿಳಿತ ಇಪ್ಪತ್ತು ಮೂವತ್ತರ ಆಸುಪಾಸು. ಮೀನು ಒಂದಡಿ ಕೆಳಗೆ ಸರಿದರೆ ಅದಕ್ಕಿಂತ ಹೆಚ್ಚು ಒತ್ತಡ ಕಾಣುತ್ತದೆ; ದಿನಕ್ಕೆ ನೂರು ಸಲ ಹಾಗೆ ಸರಿಯುತ್ತಲೂ ಇರುತ್ತದೆ. ನಿಜವಾಗಿ ಬದಲಾದದ್ದು ನೀರಿನ ಬಿಸಿ. ತೆಳುವಾದ ದಡದ ನೀರು ಒಂದೇ ರಾತ್ರಿಯ ಉತ್ತರದ ಗಾಳಿಗೆ ನಾಲ್ಕೈದು ಡಿಗ್ರಿ ಇಳಿಯಬಹುದು, ಆಳದ ನೀರು ಹಾಗೆ ಇಳಿಯುವುದಿಲ್ಲ. ಮೊಟ್ಟೆಯಿಡುವುದನ್ನು ಮುಂದೂಡಿ ಮೀನು ಹತ್ತಿರದ ಆಳಕ್ಕೆ ಹಿಂದೆ ಸರಿಯುತ್ತದೆ. ಅಲೆಗಳಿಗೆ ದಡ ಕದಡಿದ್ದರೆ ಇನ್ನೂ ಒಂದು ಕಾರಣ. ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣುಗಳು ಅಷ್ಟರಲ್ಲಿ ಹೇಗೂ ಹೊರಟಿರುತ್ತವೆ. ನೀವು ಖಾಲಿ ಮಾಡಿದಿರಿ ಎನ್ನುವುದಕ್ಕೆ ಆ ಮೂಲೆಯಲ್ಲಿ ಮಾತ್ರ ಸ್ವಲ್ಪ ಆಧಾರವಿದೆ, ಜಲಾಶಯಕ್ಕೆ ಇಲ್ಲ. ಅಂತಹ ಬೆಳಿಗ್ಗೆ ಗೂಡಿನ ಜಾಗದಿಂದ ಮೂವತ್ತು ನಲವತ್ತು ಮಾರು ಹೊರಗೆ, ಎಂಟು ಹತ್ತಡಿ ನೀರಿನಲ್ಲಿ ಮುಳುಗಿದ ಕೊಂಬೆಯ ರಾಶಿ ಹುಡುಕಿ. ಎರೆಯನ್ನು ಮೀನಿಗಿಂತ ಒಂದಡಿ ಮೇಲೆಯೇ ತೂಗುಬಿಡಿ. ಕ್ರಾಪಿಯ ಕಣ್ಣು ಇರುವುದೇ ಮೇಲೆ ನೋಡುವುದಕ್ಕೆ. ತನ್ನ ಕೆಳಗೆ ಹೋದದ್ದನ್ನು ಅದು ಅಪರೂಪಕ್ಕೆ ಹಿಂಬಾಲಿಸುತ್ತದೆ. ಚಳಿಯ ದಿನ ಬೆಂಡು ಮುಳುಗುವುದಿಲ್ಲ. ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲೆ ಬರುತ್ತದೆ, ನಿಂತಿದ್ದ ಬೆಂಡು ಸುಮ್ಮನೆ ಮಲಗಿಬಿಡುತ್ತದೆ. ಅದನ್ನು ಗಾಳಿ ಎಂದುಕೊಂಡು ಎಷ್ಟೋ ಜನ ನೋಡುತ್ತ ಕೂರುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಿಲ್ಲಿಸಬೇಕೆ? ನಿಲ್ಲಿಸಬೇಕೆನ್ನಿಸಿದರೆ ನಿಲ್ಲಿಸಿ, ಮೇ ಕಳೆದ ಮೇಲೆ ಸೇತುವೆಯ ಕಂಬಗಳ ನೆರಳಿನಲ್ಲಿ ಹಿಡಿಯಿರಿ. ಆದರೆ ಆಗ ಮೀನು ಆಳದಲ್ಲಿರುತ್ತದೆ, ಚಿಕ್ಕವನ್ನು ಬಿಡುವ ಕಷ್ಟ ಮತ್ತೆ ಬರುತ್ತದೆ, ಬೇಸಿಗೆಯ ಬಿಸಿ ನೀರಿನಲ್ಲಿ ಬಿಟ್ಟ ಮೀನು ಇನ್ನೂ ಬೇಗ ಸಾಯುತ್ತದೆ. ವಸಂತದ ದಡದಲ್ಲಿ ಹಿಡಿದು ಎಲ್ಲವನ್ನೂ ಬಿಡುವುದು ಮೀನಿನ ಜೀವಕ್ಕೆ ಅಷ್ಟು ಅಪಾಯವಲ್ಲ, ಗೂಡಿಗೆ ಅಪಾಯ. ಮಿತಿಯಿದೆ ಎಂದು ದಿನಾ 25 ತುಂಬಿಸುವುದು ಕಾನೂನಿಗೆ ಸರಿ. ಸಮೃದ್ಧಿಯ ವರ್ಷದಲ್ಲಿ ಜಲಾಶಯ ಅದನ್ನು ತಡೆದುಕೊಳ್ಳುತ್ತದೆ. ಸತತ ಎರಡು ಮೂರು ವರ್ಷ ಮರಿಗಳು ಉಳಿಯದಿದ್ದಾಗ ಅದೇ ಮಿತಿ ಭಾರವಾಗುತ್ತದೆ, ಮತ್ತು ಆ ಸುದ್ದಿ ನಮ್ಮ ಬಲೆಗೆ ಗೊತ್ತಾಗುವುದರೊಳಗೆ ಒಂದು ವಸಂತ ಕಳೆದಿರುತ್ತದೆ. ನಾನಾದರೆ ದಡದಲ್ಲಿ ಕಪ್ಪಗಿರುವ ಗಂಡನ್ನು ನೀರಿನ ಮೇಲೆಯೇ ಕೊಕ್ಕೆ ಬಿಡಿಸಿ ಕಳಿಸುತ್ತೇನೆ, ಹತ್ತರಿಂದ ಹನ್ನೆರಡು ಇಂಚಿನ ಹತ್ತು ಹನ್ನೆರಡು ಮೀನಿಗೆ ಸಾಕು ಎನ್ನುತ್ತೇನೆ, ಹದಿನಾಲ್ಕು ಇಂಚಿನದು ಸಿಕ್ಕರೆ ಒಮ್ಮೆ ನೋಡಿ ಬಿಡುತ್ತೇನೆ. ಇದು ವಿಜ್ಞಾನದ ಆಜ್ಞೆಯಲ್ಲ, ನನ್ನ ಅಭ್ಯಾಸ. ನಿಮ್ಮ 28ರಲ್ಲಿ ಅಪರಾಧವಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನ ಉಣ್ಣುವವರು ಎಂಬುದು ನನಗೆ ಗೊತ್ತಿಲ್ಲದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ.

ತಂದೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ. ಆದರೆ ನಿಮ್ಮ ಪರವಾನಗಿಯಲ್ಲಿ ಅವರು ಗಾಳ ಹಿಡಿಯುವಂತಿಲ್ಲ. ಪ್ರವಾಸಕ್ಕೆ ಬಂದವರು ಹೊರರಾಜ್ಯದವರ ಲೆಕ್ಕ, ಒಂದು ದಿನದ ಪರವಾನಗಿಯೂ ಸಿಗುತ್ತದೆ. ರಾಜ್ಯ ಉದ್ಯಾನಗಳ ಒಳಗೆ ದಡದಲ್ಲಿ ಕುಳಿತು ಹಿಡಿಯುವುದಕ್ಕೆ ಪರವಾನಗಿಯೇ ಬೇಡ. ರೇ ರಾಬರ್ಟ್ಸ್ ಜಲಾಶಯದ ಉದ್ಯಾನ ನಿಮಗೆ ಬಹಳ ದೂರವಲ್ಲ. ಮಾರ್ಚ್ ಕೊನೆಗೆ ರೆಡ್‌ಬಡ್ ಮರಗಳು ಎಲೆಗೆ ಮೊದಲೇ ಗುಲಾಬಿ ಹೂ ಹೊತ್ತು ನಿಂತಿರುತ್ತವೆ, ಹೊತ್ತು ಮೂಡುವ ಮುನ್ನ ನೀರಿನಿಂದ ಆವಿ ಏಳುತ್ತಿರುತ್ತದೆ. ಗೂಡು ಕಾಯುವ ಗಂಡನ್ನು ನಿಂತ ಕೊಲ್ಲಿಯ ತಿಳಿ ನೀರಿನಲ್ಲಿ ಅವರಿಗೆ ತೋರಿಸಲು ಸಾಧ್ಯವಾದರೆ ನನ್ನ ಈ ಇಡೀ ಉತ್ತರ ಬೇಕಾಗುವುದಿಲ್ಲ. ಹೊರಡುವಾಗ ದೋಣಿಯ ನೀರನ್ನು ಪೂರ್ತಿ ಬಸಿಯಿರಿ, ಉಳಿದ ಎರೆಮೀನನ್ನು ಜಲಾಶಯಕ್ಕೆ ಸುರಿಯಬೇಡಿ. ಜೀಬ್ರಾ ಕಪ್ಪೆಚಿಪ್ಪಿನ ಕಾಟದಿಂದಾಗಿ 2014ರಿಂದ ಅಲ್ಲಿ ನೀರು ಬಸಿಯುವುದು ರಾಜ್ಯಾದ್ಯಂತ ಕಡ್ಡಾಯ.

ಮೊಟ್ಟೆ ತಿನ್ನಬಹುದೇ ಎಂದು ನೀವು ಕೇಳಿಲ್ಲ, ಆದರೆ ಎಸೆದಿದ್ದೀರಿ ಎಂದು ಅನುಮಾನ. ಕ್ರಾಪಿಯ ಮೊಟ್ಟೆ ತಿನ್ನಬಹುದು. ಅರಿಶಿನ, ಖಾರ, ಹುಣಸೆರಸ ಸವರಿ ಮುಚ್ಚಳ ಮುಚ್ಚಿ ಕಾಯಿಸಿದರೆ ಸಿಡಿದರೂ ಮೈಮೇಲೆ ಬೀಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಅದೇ ಟ್ರಿನಿಟಿ ನದಿಯಲ್ಲಿ ಮೊಸಳೆಯಂತೆ ಮೂತಿಯಿರುವ ಗಾರ್ ಎಂಬ ಮೀನಿದೆ. ಅದರ ಮಾಂಸ ತಿನ್ನುತ್ತಾರೆ. ಮೊಟ್ಟೆ ಮನುಷ್ಯರಿಗೆ ವಿಷ. ಯಾವ ಮೀನೆಂದು ಖಚಿತವಿಲ್ಲದ ಮೊಟ್ಟೆ ಬಾಣಲೆಗೆ ಬೇಡ.

ನೀವು ಕಳಿಸಿದ ಚಿತ್ರದಲ್ಲಿ ಎಡದಿಂದ ಮೂರನೆಯದು ನನಗೆ ಉಳಿದವುಗಳ ಜಾತಿಯದೆಂದು ತೋರುವುದಿಲ್ಲ. ಮಿಕ್ಕವುಗಳ ಮೈಮೇಲೆ ಮೇಲಿಂದ ಕೆಳಗೆ ಪಟ್ಟೆಯ ಛಾಯೆ ಇದೆ, ಅವು ಬಿಳಿ ಕ್ರಾಪಿ; ಲವಾನ್‌ನಂತಹ ಕದಡಿದ ನೀರಿಗೆ ಒಗ್ಗುವುದು ಅದೇ. ಮೂರನೆಯದರಲ್ಲಿ ಚುಕ್ಕೆಗಳು ಗೊತ್ತುಗುರಿಯಿಲ್ಲದೆ ಚೆಲ್ಲಿವೆ. ಚಿತ್ರದಲ್ಲಿ ಬೆನ್ನಿನ ರೆಕ್ಕೆ ಮಡಚಿಕೊಂಡಿದೆ. ಆ ಮೀನು ಇನ್ನೂ ಫ್ರೀಜರಿನಲ್ಲಿ ಇಡಿಯಾಗಿದ್ದರೆ ರೆಕ್ಕೆ ಬಿಡಿಸಿ ಮುಂದಿನ ಮುಳ್ಳುಗಳನ್ನು ಎಣಿಸಿ. ಐದೋ ಆರೋ ಇದ್ದರೆ ಬಿಳಿ. ಏಳು ಅಥವಾ ಎಂಟು ಇದ್ದರೆ ಕಪ್ಪು ಕ್ರಾಪಿ. ಎಣಿಸಿ ಬರೆಯಿರಿ.